ಗಾಯ ಮಾಸಿದ ಮೇಲೆ

ಬಸರೀಕಟ್ಟೆ ಕಡೆ ಹೂವಪ್ಪ ಎಲ್ಲಿ ಅಂತ ಕೇಳಿದರೆ, ಮರ ಹತ್ತೋ ಹೂವಪ್ಪನಾ ಅಂತ ತಿರುಗಿ ಕೇಳುತ್ತಿದ್ದರು. ಮಳೆಗೆ ಮುಂಚೆ ಕಾಫಿ ತೋಟದ ನೆರಳು ಮರ ಹತ್ತಿ ಕೊಂಬೆ ಕಡಿಯುವುದು, ಬೇಸಿಗೆಯಲ್ಲಿ ಮರಕ್ಕೆ ಹಬ್ಬಿದ ಮೆಣಸು ಕುಯ್ಯುವುದು ಅವನ ಕೆಲಸ. ಅವನು ಕಡಿದ ಕೊಂಬೆ ಕಾಫಿ ಗಿಡದ ಮೇಲೆ ಬಿದ್ದದ್ದನ್ನು ಯಾರೂ ನೋಡಿದ್ದಿಲ್ಲ. ಮರಕ್ಕೆ ಕೈ ಮುಗಿಯುತ್ತಿದ್ದ, ಬೀಡಿ ಹಚ್ಚುತ್ತಿದ್ದ, ಆಮೇಲೆ ಹತ್ತುತ್ತಿದ್ದ. ಅದೇ ಕ್ರಮ.

ಮರ ಅವನಿಗೆ ಏನೂ ಮಾಡಲಿಲ್ಲ. ನೆಲ ಮಾಡಿತು. ಆ ಮಳೆಗಾಲ ಕಡಿದು ಬಿಟ್ಟ ಗಿಡದ ಕೂಳೆ ಮೆಟ್ಟಿ ಬೂಟು ಸಮೇತ ಅಂಗಾಲು ತೂತಾಯಿತು. ಬೂಟಿನೊಳಗೆ ನೀರು ನಿಂತು ಬೆರಳ ಸಂದೆಲ್ಲ ಕೊಳೆಯಿತು. ಕಾಲು ಊದಿಕೊಂಡರೂ ಕೆಲಸಕ್ಕೆ ಹೋದ.

ಮಗಳು ಅಂಬಿಕಾಳನ್ನು ಕಮ್ಮರಡಿಗೆ ಕೊಟ್ಟಿತ್ತು. ಅವಳು ಬಂದು ನೋಡಿ, ಅಪ್ಪಯ್ಯನನ್ನು ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಾಲು ತೋರಿಸಿದ ಮೇಲೆ ಅವಳೇ ಬಾಯಿ ಬಿಟ್ಟು ಹೇಳಿದಳು, ಅಜ್ಜ ಎದೆ ಹಿಡಿದುಕೊಂಡು ಸತ್ತದ್ದು, ಅಪ್ಪಯ್ಯನಿಗೂ ಒಂದು ಸಲ ನೋಡಿ ಅಂತ. ಡಾಕ್ಟರು ಇಸಿಜಿ ಮಾಡಿಸಿದರು, ರಕ್ತ ತೆಗೆಸಿದರು.

"ಇಸಿಜಿ ಸರಿ ಇದೆ. ಕೊಬ್ಬು ಸ್ವಲ್ಪ ಜಾಸ್ತಿ," ಅಂದರು. "ರಕ್ತದಲ್ಲಿ ಉರಿಯೂತ ಬಹಳ ಇದೆ. ಅದು ರಕ್ತನಾಳದ್ದಾದ್ರೆ ಹೃದಯಕ್ಕೆ ಅಪಾಯ. ಆದ್ರೆ ಈ ಕಾಲಿನ ಗಾಯದಿಂದಲೂ ಹಿಂಗೇ ಏರುತ್ತೆ. ಯಾವುದು ಅಂತ ಈಗ ಹೇಳಕ್ಕಾಗಲ್ಲ. ಗಾಯ ಪೂರ್ತಿ ಮಾಸಿದ ಮೇಲೆ ಬನ್ನಿ, ಇನ್ನೊಂದು ಸಲ ಟೆಸ್ಟ್ ಮಾಡೋಣ. ಬೀಡಿ ಬಿಡಿ."

ಮನೆಗೆ ಬಂದ ಹೂವಪ್ಪ ಹೆಂಡತಿ ಸಣ್ಣಕ್ಕನಿಗೆ ಅದನ್ನು ಚಿಕ್ಕದು ಮಾಡಿ ಹೇಳಿದ. "ರಕ್ತದಲ್ಲಿ ಉರಿ ಇದ್ಯಂತೆ. ಗಾಯದ್ದು."

"ನಂಜು ಅನ್ನಿ," ಅಂದಳು ಸಣ್ಣಕ್ಕ.

ಅಲ್ಲಿಗೆ ತೀರ್ಮಾನವಾಯಿತು. ನಂಜು ಅಂದರೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತು. ಬದನೆಕಾಯಿ ನಿಲ್ಲಿಸಿದಳು, ಒಣಮೀನು ನಿಲ್ಲಿಸಿದಳು. ದಿನಾ ಸಂಜೆ ಅರಿಶಿನ ಹಾಕಿ ಕುದಿಸಿದ ನೀರಲ್ಲಿ ಕಾಲು ತೊಳೆದು, ಬೆರಳ ಸಂದು ಒಂದೊಂದೇ ಒರೆಸಿ, ಡಾಕ್ಟರು ಕೊಟ್ಟ ಮುಲಾಮು ಹಚ್ಚಿದಳು.

"ಡಾಕ್ಟ್ರು ಬೀಡಿ ಬಿಡು ಅಂದ್ರು ಮಾರಾಯ್ತಿ, ಮೀನು ಬಿಡು ಅನ್ಲಿಲ್ಲ," ಅಂದ ಹೂವಪ್ಪ.

"ಹಂಗಾದ್ರೆ ಬೀಡಿ ಬಿಡಿ."

"ಬೀಡಿ ಏನು ಕಾಲಲ್ಲಿ ಸೇದ್ತೀನಾ?"

ಸಣ್ಣಕ್ಕ ನಕ್ಕಳು. ಹೌದಲ್ಲ ಅನ್ನಿಸಿತು ಅವಳಿಗೆ.

ಪಕ್ಕದ ಲೈನ್ ಮನೆಯ ಮಂಜಯ್ಯನಿಗೂ ಸುದ್ದಿ ಹೋಯಿತು. "ಕೊಪ್ಪಕ್ಕೆ ಎಂತಕ್ಕೆ ಹೋದೆ ಮಾರಾಯ? ನಮ್ಮ ತೋಟದ ಇಂಬಳ ದಿನಾ ನಿನ್ನ ರಕ್ತ ತೆಗೀತದೆ. ರಿಪೋರ್ಟು ಅದರ ಹತ್ರ ಕೇಳು."

ಮಳೆ ಹೋಯಿತು. ಹಬ್ಬ ಕಳೆಯುವಾಗ ಗಾಯ ಒಣಗಿ ಹೊಸ ಚರ್ಮ ಬಂತು. ಅಂಬಿಕಾ ಫೋನ್ ಮಾಡಿದಳು.

"ಕಾಲು ಹೆಂಗಿದೆ ಅಮ್ಮ?"

"ಪೂರ್ತಿ ಮಾಸಿದೆ. ಮಗುವಿನ ಕಾಲಿದ್ದಂಗಿದೆ."

"ಹಂಗಾದ್ರೆ ಈಗ ಹೋಗ್ಬೇಕು. ಮಾಸಿದ ಮೇಲೇ ಬನ್ನಿ ಅಂದಿದ್ದು ಅವರು."

"ಹುಷಾರಾದವರಿಗೆ ಎಂತಕ್ಕೆ ಡಾಕ್ಟ್ರು?"

"ಅಮ್ಮಾ, ಅದು ಕಾಲಿನ ಟೆಸ್ಟಲ್ಲ, ಎದೆದು."

ಸಣ್ಣಕ್ಕನಿಗೆ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಕಾಲು ನೋಡಿದ್ದಳು. ಎದೆ ಯಾರಿಗೆ ಕಾಣುತ್ತದೆ?

ಫೋನ್ ಇಟ್ಟ ಮೇಲೆ ಹೂವಪ್ಪ ಕೇಳಿದ. "ಅಂಬಿ ಅಷ್ಟು ಹೇಳ್ತಾಳೆ. ನಾಳೆ ರಜೆ. ಹೋಗಿ ಬರ್ಲಾ?"

"ವಾಸಿಯಾದ ಮೇಲೆ ಹೋಗಿ ಚುಚ್ಚಿಸ್ಕೊಂಡು ಬರ್ತೀರಾ?"

"ಅದೂ ಸರಿ," ಅಂದ ಅವನು. ಕೇಳುವ ತನಕ ಹೋಗುವ ಮನಸ್ಸಿತ್ತು ಅವನಿಗೆ. ಬೇಡ ಅಂದಾಗ ಮುಖ ಸಡಿಲವಾಯಿತು, ಅವಳು ಅದನ್ನು ಕಂಡಳು. ಖುಷಿ ಅಂದುಕೊಂಡಳು. ಆ ರಾತ್ರಿ ಬದನೆಕಾಯಿಗೆ ಒಣಮೀನು ಹಾಕಿ ಸಾರು ಮಾಡಿದಳು. ಅವನು ಬಟ್ಟಲು ನೆಕ್ಕಿ ಇಟ್ಟ.

ಮೆಣಸಿನ ಕುಯ್ಲಿನಲ್ಲಿ ಅದಾಯಿತು. ಮರದ ಬುಡದಲ್ಲಿ ಕೈ ಮುಗಿದ. ಬೀಡಿ ಹಚ್ಚಿದ. ಹತ್ತಲಿಲ್ಲ, ಕೂತ. "ಎಂತ, ಇವತ್ತು ಮರ ಬೇಡ ಅಂತಾ?" ಅಂತ ಮಂಜಯ್ಯ ಪಕ್ಕದ ಮರದ ಮೇಲಿಂದ ಕೂಗಿದ. ಇನ್ನೊಂದು ಸಲ ಕೂಗಿದ. ಇಳಿದು ಬಂದು ನೋಡಿದರೆ ಬೀಡಿ ಬೆರಳಲ್ಲೇ ಉರಿಯುತ್ತಿತ್ತು. ಜೀಪಲ್ಲಿ ಹಾಕಿಕೊಂಡು ಕೊಪ್ಪಕ್ಕೆ ಓಡಿದರು. ಜೀವ ಇರಲಿಲ್ಲ.

ಮನೆಗೆ ತಂದು, ಸ್ನಾನ ಮಾಡಿಸಿ, ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದರು. ಕಾಲ ಬಳಿ ಅಂಬಿಕಾ ಕೂತಿದ್ದಳು. ಅಳುತ್ತಿದ್ದಳೇ ಹೊರತು ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸಣ್ಣಕ್ಕನಿಗೆ ಹಗುರವಾಗುತ್ತಿತ್ತೋ ಏನೋ.

ಮಳೆಗಾಲ ಪೂರ್ತಿ ತೊಡೆ ಮೇಲೆ ಇಟ್ಟುಕೊಂಡು ಒರೆಸಿದ ಕಾಲು ಅದು. ಅವಳು ಬಗ್ಗಿ, ಅಭ್ಯಾಸಕ್ಕೆ ಬೆರಳ ಸಂದು ಬಿಡಿಸಿ ನೋಡಿದಳು. ಚರ್ಮ ಹೊಳೆಯುತ್ತಿತ್ತು. ಎಲ್ಲೂ ಒಂದು ಬಿರುಕಿಲ್ಲ, ಕಲೆಯಿಲ್ಲ. ಹೀಗಾದ ಮೇಲೆ ಬನ್ನಿ ಅಂದಿದ್ದರು ಡಾಕ್ಟರು. ಅಷ್ಟೇ ಅಂದಿದ್ದು.