ಮಾಡುತ್ತಿದ್ದವರು ಮಾರುತ್ತಿದ್ದಾರೆ

ಹೋದ ವಾರ ಖಂಡೇನವಮಿಯ ಆಯುಧಪೂಜೆಗೆ ಹೋಗಿ ನಾನು ರಟ್ಟಿನ ಪೆಟ್ಟಿಗೆಗಳಿಗೆ ಕೈಮುಗಿದು ಬಂದೆ. ನಗಬೇಡಿ.

ಪುಣೆಯ ಚಾಕಣ ರಸ್ತೆಯಲ್ಲಿ ನನ್ನ ಗೆಳೆಯ ಗುರುಬಸಪ್ಪನವರ ಶೆಡ್ ಇದೆ. ಗದಗಿನ ಕಡೆಯವರು. ಸಣ್ಣ ಗೇರ್‌ಬಾಕ್ಸ್ ತಯಾರಿಸುತ್ತಿದ್ದರು. ಪ್ರತಿ ವರ್ಷ ಆ ದಿನ ಅವರ ಲೇತ್ ಮಷೀನಿಗೆ ಚೆಂಡುಹೂವಿನ ಹಾರ, ಬಂದವರಿಗೆಲ್ಲ ಪೇಢೆ. (ಪೇಢೆಯ ಆಸೆಗೇ ಹೋಗುತ್ತೀರಿ ಎಂದು ನನ್ನ ಹೆಂಡತಿಯ ಆರೋಪ. ಇರಲಿ.)

ಈ ಸಲ ಹೋದರೆ ಲೇತ್ ಇದ್ದ ಜಾಗದಲ್ಲಿ ಬರೀ ಎಣ್ಣೆಯ ಕಲೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಎಲ್ಲದರ ಮೇಲೂ ‘ಮೇಡ್ ಇನ್ ಥಾಯ್ಲೆಂಡ್’. ಲೇತ್ ನಡೆಸುತ್ತಿದ್ದ ಮಲ್ಲಪ್ಪ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ.

“ಸಾವ್ಕಾರ್ರ, ಯಾವುದಕ್ಕ ಹಚ್ಚಲ್ರಿ?”

“ಪೆಟಗಿಗೇ ಹಚ್ಚು. ಈಗ ಅವೇ ನಮಗ ಅನ್ನ ಹಾಕತಾವ” ಎಂದರು ಗುರುಬಸಪ್ಪ. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ಏನ್ರಿ ಇದು? ಮಾಡೂದು ಬಿಟ್ರೇನು?”

“ಮಾಡೂದು ಬಿಟ್ಟೆ, ಮಾರೂದು ಹಿಡದೇನ್ರಿ ಸರ. ಒಂದ ಅಕ್ಷರ ಅಷ್ಟ ಬದಲಾತು.”

ಒಂದೇ ಅಕ್ಷರ! ಆ ಒಂದು ಅಕ್ಷರಕ್ಕೆ ಹತ್ತು-ಹನ್ನೆರಡು ಜನರ ಕೆಲಸ ಹೋಯಿತು. ಉಳಿದವನು ಮಲ್ಲಪ್ಪ ಒಬ್ಬನೇ. ಗೇರಿನ ಉಕ್ಕು ಕಡೆಯುತ್ತಿದ್ದವನು ಈಗ ಟೆಂಪೋಗೆ ಪೆಟ್ಟಿಗೆ ಹೇರುತ್ತಾನೆ.

ಥಾಯ್ಲೆಂಡ್ ಜೊತೆ ವ್ಯಾಪಾರ ಒಪ್ಪಂದವಾದಾಗ ದೊಡ್ಡ ಹೋಟೆಲೊಂದರಲ್ಲಿ ಸೆಮಿನಾರ್ ಇತ್ತು. ಗುರುಬಸಪ್ಪನವರ ಜೊತೆ ನಾನೂ ಹೋಗಿದ್ದೆ. ಟೈ ಕಟ್ಟಿದವರೊಬ್ಬರು ಎರಡೂ ದೇಶಕ್ಕೆ ಲಾಭ, ಸಣ್ಣ ಕಾರ್ಖಾನೆಗಳಿಗಂತೂ ಸುಗ್ಗಿ ಎಂದರು. ನಾವು ಚಪ್ಪಾಳೆ ತಟ್ಟಿ, ಊಟ ಮಾಡಿ ಬಂದೆವು.

ಗುರುಬಸಪ್ಪ ಆಸೆಯಿಂದ ಥಾಯ್ಲೆಂಡಿಗೆ ಸ್ಯಾಂಪಲ್ ಕಳಿಸಿದರು. ಅಲ್ಲಿಯವರು ಟೆಸ್ಟ್ ರಿಪೋರ್ಟ್ ಕೇಳಿದರು. ಕಳಿಸಿದರೆ, ಇದು ನಡೆಯಲ್ಲ, ನಮ್ಮ ಲ್ಯಾಬಿನದೇ ಬೇಕು ಎಂದರು. ಅಷ್ಟರಲ್ಲಿ ಅವರ ಗೇರ್‌ಬಾಕ್ಸ್ ಸುಂಕವಿಲ್ಲದೆ ಬಂದು ಪುಣೆಯ ಅಂಗಡಿಗಳಲ್ಲಿ ಕೂತಾಗಿತ್ತು. ಇವರು ಹೊರದೇಶದಿಂದ ತರಿಸುವ ಉಕ್ಕಿಗೆ ಮಾತ್ರ ಸುಂಕ ತಪ್ಪಲಿಲ್ಲ.

“ಹಿಟ್ಟಿಗೆ ಟ್ಯಾಕ್ಸ್ ಅದ, ರೊಟ್ಟಿಗಿಲ್ಲ. ಹಿಂಗಾದ್ರ ಮನ್ಯಾಗ ರೊಟ್ಟಿ ಬಡಿಯೂದ್ಯಾಕ್ರಿ?” ಎಂದು ಗುರುಬಸಪ್ಪ ನಕ್ಕರು. ಭಾಳ ಕೆಟ್ಟ ನಗು ಅದು.

ಇಂಥ ಲೆಕ್ಕ ಹಾಕಿದ ಮಹಾನುಭಾವರು ಯಾರು? ಒಂದು ದಿನವಾದರೂ ಒಂದು ಶೆಡ್ಡಿನೊಳಗೆ ಕಾಲಿಟ್ಟಿದ್ದರೇ? ಎರಡು ದೇಶಗಳ ವ್ಯಾಪಾರ ಭರ್ಜರಿಯಾಗಿ ಬೆಳೆಯುತ್ತಿದೆ ಎಂದು ಪೇಪರಿನಲ್ಲಿ ಬರುತ್ತದೆ. ಬೆಳೆದಿದೆ, ಸುಳ್ಳಲ್ಲ. ಯಾರ ಮಾಲು ಯಾರ ಮನೆಗೆ ಬಂತು ಎಂದು ಮಾತ್ರ ಕೇಳಬಾರದು. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆರತಿ ಆಯಿತು. ಪೇಢೆಯನ್ನು ಜೇಬಿಗೆ ಹಾಕಿಕೊಂಡೆ. ಹೊರಡುವಾಗ ತಡೆಯಲಾರದೆ ಕೇಳಿದೆ, “ಲೇತ್ ಏನ್ ಮಾಡಿದ್ರಿ? ಗುಜರಿಗೆ ಹಾಕಿದ್ರೇನು?”

“ಇಲ್ರಿ ಸರ. ಮುಂಬೈದಾಂವ ಒಬ್ಬ ಒಯ್ದ. ಹಡಗಿನಾಗ ಆಫ್ರಿಕಾಕ್ಕ ಹೋತಂತ.”

ಮಲ್ಲಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಒಂದು ಪೆಟ್ಟಿಗೆ ಎತ್ತಿಕೊಂಡು ಟೆಂಪೋ ಕಡೆ ನಡೆದ.

ಅಂತೂ ಆ ಶೆಡ್ಡಿನಿಂದ ಒಂದು ಮಾಲು ರಫ್ತಾಯಿತು.