ಬಾಡಿಗೆ ಮನೆಯ ಅಕ್ಕ ತಂಗಿ

ಕೋಗಿಲು ಬಡಾವಣೆಯ ಈ ಮನೆ ನೋಡಲು ಬಂದ ದಿನ ಬ್ರೋಕರ್ ನಮ್ಮಿಬ್ಬರನ್ನು ಗೇಟಿನ ಹೊರಗೇ ನಿಲ್ಲಿಸಿ ಪಾಠ ಹೇಳಿಕೊಟ್ಟಿದ್ದ. "ಓನರ್ ಫ್ಯಾಮಿಲಿಗೆ ಮಾತ್ರ ಕೊಡೋದು ಮೇಡಂ. ಫ್ರೆಂಡ್ಸು ಅನ್ಬೇಡಿ, ಅಕ್ಕ ತಂಗಿ ಅಂದ್ಬಿಡಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ."

ಮುಖದಲ್ಲಿ ಒಂದಿಷ್ಟೂ ಹೋಲಿಕೆಯಿಲ್ಲದ ಕಾರಣ ಅವಳು ನನ್ನ ಚಿಕ್ಕಮ್ಮನ ಮಗಳಾದಳು. ನಿಜ ಹೇಳಬೇಕೆಂದರೆ, ಆರ್.ಟಿ. ನಗರದ ಪಿಜಿಯಲ್ಲಿ ಪರಿಚಯವಾದಂದಿನಿಂದ ನಮಗೆ ಒಬ್ಬರನ್ನೊಬ್ಬರು ಬಿಟ್ಟು ಬದುಕಿ ಗೊತ್ತಿಲ್ಲ. ಮದುವೆಯೊಂದು ಬಿಟ್ಟು ಮದುವೆಯಲ್ಲಿ ಇರುವುದೆಲ್ಲ ನಮ್ಮಲ್ಲಿದೆ, ಜಗಳವೂ ಸೇರಿ. ಅವತ್ತು ಮೆಟ್ಟಿಲು ಹತ್ತುವಾಗ ಅವಳು ಕಿವಿಯ ಹತ್ತಿರ ಪಿಸುಗುಟ್ಟಿದಳು. "ಅತ್ತೆ ಮಗಳು ಅಂದಿದ್ರೆ ವರಸೆನಾದ್ರೂ ಕೂಡ್ತಿತ್ತು ಕಣೇ." ನಗು ಮುಚ್ಚಿಕೊಳ್ಳಲು ನಾನು ಕೆಮ್ಮಬೇಕಾಯಿತು.

ಕೆಳಗಿನ ಮನೆಯ ಓನರ್ ಆಂಟಿ ಒಳ್ಳೆಯವರು, ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಮುಖ ಕೊಡದೆ ಓಡಾಡಿಕೊಂಡಿರಬಹುದಿತ್ತು. ಅವರ ಮಾವನ ಕಾಲದಲ್ಲಿ ದ್ರಾಕ್ಷಿ ತೋಟವಿದ್ದ ಜಾಗದಲ್ಲೇ ಈ ಮನೆ ಎದ್ದಿದೆ. ನಾನು ಸ್ಕೂಲಿನ ಆಫೀಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಬಸ್ಸಾರಿನ ಡಬ್ಬಿ ಕಾದಿರುತ್ತದೆ. ಅವಳಿಗೆ ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಲಸ. ಅವಳ ಕ್ಯಾಬ್ ತಡವಾದರೆ ನನಗಿಂತ ಮೊದಲು ಆಂಟಿ ಗೇಟಿಗೆ ಬಂದು ನಿಲ್ಲುತ್ತಾರೆ.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ನವರಾತ್ರಿಯಲ್ಲಿ. ಅವತ್ತು ಸಂಜೆ ಆಂಟಿ ನಮ್ಮಿಬ್ಬರನ್ನೂ ಕುಂಕುಮಕ್ಕೆ ಕರೆದಿದ್ದರು. ಟಿವಿ ಹಾಕಿತ್ತು. ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಮದುವೆಯಾಗುವುದಕ್ಕೆ ಮಾನ್ಯತೆ ಕೊಡಲು ಕೋರ್ಟು ಒಪ್ಪಲಿಲ್ಲ, ಅದು ಸಂಸತ್ತಿಗೆ ಬಿಟ್ಟ ವಿಷಯ ಎಂದಿತಂತೆ. ಪರದೆಯಲ್ಲಿ ಒಬ್ಬರು ಸಂಸ್ಕೃತಿ ಎಂದು ಕೂಗುತ್ತಿದ್ದರು, ಇನ್ನೊಬ್ಬರು ವ್ಯಕ್ತಿ ಸ್ವಾತಂತ್ರ್ಯ ಎಂದು ಕೂಗುತ್ತಿದ್ದರು, ನಡುವೆ ಕುಕ್ಕರಿನ ಜಾಹೀರಾತು ಬರುತ್ತಿತ್ತು. ನಾನು ನನ್ನ ಬದುಕಿನ ತೀರ್ಮಾನ ಕೇಳುತ್ತಾ ಕಡಲೆಕಾಳು ಉಸಲಿ ತಿನ್ನುತ್ತಿದ್ದೆ. ಬಿಟ್ಟರೆ ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೇ ತಿಂದೆ.

"ಕ್ಯಾಮೆ ಇಲ್ದೋರ ಆಟ ಇವೆಲ್ಲ" ಎಂದು ಆಂಟಿಯ ಗಂಡ ಎದ್ದು ಹೋದರು.

"ಅವ್ರಿಷ್ಟ ಬುಡಿ, ಯಾರ್ ಜೊತೆಗಾನ ಇರ್ಲಿ" ಎಂದರು ಆಂಟಿ. "ಆದ್ರೆ ಮದ್ವೆ ಅಂದ್ರೆ ಎಲ್ಡು ಮನೆ ಸೇರ್ಬೇಕಲ್ಲವ್ವ? ಇವ್ರಿಗೆ ಯಾರು ಬಂದು ಧಾರೆ ಎರೀತಾರೆ?"

"ಯಾರೂ ಬರಲ್ಲ ಅಂತಾನೇ ಆಂಟಿ ಅವ್ರು ಕೋರ್ಟಿಗೆ ಹೋಗಿದ್ದು" ಎಂದಳು ನನ್ನವಳು. ನಾನು ಅವಳ ಕಾಲು ತುಳಿದೆ. ಅವಳು ನಿಲ್ಲಿಸುವ ಹೆಣ್ಣಲ್ಲ. "ಯಾರ್ ಜೊತೆ ಬದುಕ್ಬೇಕು ಅಂತ ಊರೋರನ್ನೆಲ್ಲಾ ಕೇಳ್ಬೇಕಾ?" ಎನ್ನುವಾಗ ಅವಳ ದನಿ ಒಡೆಯಿತು.

ಆಂಟಿ ನಕ್ಕುಬಿಟ್ಟರು. "ಏನ್ ಬಾಯಿ ನೋಡು ಇವ್ಳದು! ಬಿರ್ನೆ ಗಂಡು ನೋಡ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ದೊಡ್ಡೋಳು ನೀನು, ನಿನ್ನೇ ಕೇಳ್ತೀನಿ. ಇಲ್ಲೇ ಪಕ್ಕದ ಸಿಂಗಾಪುರದಾಗೆ ನಮ್ಮಕ್ಕನ ಮಗ ಅವ್ನೆ. ಸ್ವಂತ ಮನೆ, ಒಳ್ಳೆ ಉಡುಗ. ನೀವೂ ನಮ್ಮ ಜನಾನೇ. ಇವ್ಳನ್ನ ಕೊಡ್ತೀರಾ?"

ಅವಳನ್ನು ಕೊಡಬೇಕಾದವಳು ನಾನು. ಅವಳ ಮೇಲೆ ಈ ಲೋಕ ನನಗೆ ಕೊಟ್ಟಿರುವ ಒಂದೇ ಅಧಿಕಾರ, ಅವಳನ್ನು ಇನ್ನೊಬ್ಬರಿಗೆ ಕೊಡುವುದು. ಮೈಯೆಲ್ಲ ಉರಿದುಹೋಯಿತು. ಆ ಬ್ರೋಕರ್ ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ.

ದೊಡ್ಡವಳ ಮದುವೆಯಾಗದೆ ಚಿಕ್ಕವಳ ಮಾತೆತ್ತುವುದಿಲ್ಲ ಎಂಬ ಪದ್ಧತಿ ಈ ಹಳೇ ಮನೆತನಗಳಲ್ಲಿ ಇನ್ನೂ ಇದೆ. ಸದ್ಯ ಕೈಗೆ ಸಿಕ್ಕಿದ್ದು ಅದೊಂದೇ. "ನಂದೇ ಆಗಿಲ್ವಲ್ಲ ಆಂಟಿ, ಇವಳ್ದು ಹೆಂಗೆ ಮಾಡೋದು?" ಎಂದೆ. ಬಲು ಜಾಣತನ ಮಾಡಿದೆನೆಂದು ಉಸಿರು ಬಿಟ್ಟೆ.

ಆಂಟಿಯ ಮುಖ ಅರಳಿತು. "ಅಯ್ಯೋ, ಅವ್ನಿಗೆ ಅಣ್ಣ ಅವ್ನಲ್ಲವ್ವ! ದೊಡ್ಡೋನಿಗೆ ನೀನು, ಚಿಕ್ಕೋನಿಗೆ ಇವ್ಳು. ಅಕ್ಕ ತಂಗಿ ಒಂದೇ ಮನೆಗೆ ಸೇರುದ್ರೆ ಒಬ್ರಿಗೊಬ್ರು ಆಸರೆ. ಸಾಯೋಗಂಟ ಇಂಗೇ ಜೊತೆಗಿರ್ಬೌದು. ನಿಮ್ಮ ಅಮ್ಮಂದಿರ ನಂಬರ್ ಕೊಡು, ಭಾನ್ವಾರ ನಾನೇ ಮಾತಾಡ್ತೀನಿ."

ಒಡಹುಟ್ಟಿದವರೆಂದು ನಾವು ಹೇಳಿಕೊಂಡಿರುವ ನಮ್ಮ ಅಮ್ಮಂದಿರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆ ಫೋನು ಹೋದರೆ ಮುಗಿಯಿತು. ಎರಡೂ ಊರುಗಳಿಂದ ಅಣ್ಣಂದಿರು ಕಾರು ಮಾಡಿಕೊಂಡು ಬರುತ್ತಾರೆ. ಅವಳನ್ನು ಒಂದು ಕಾರಿಗೆ, ನನ್ನನ್ನು ಇನ್ನೊಂದಕ್ಕೆ ಹತ್ತಿಸುತ್ತಾರೆ. ಊರಿಗೆ ಒಂದು ಮಾತು ಹೇಳಿ ನಂಬರ್ ಕೊಡುತ್ತೇನೆಂದು ಆ ಹೊತ್ತಿಗೆ ತಪ್ಪಿಸಿಕೊಂಡೆ. ಆಂಟಿ ನಮ್ಮಿಬ್ಬರ ಹಣೆಗೂ ಕುಂಕುಮ ಇಟ್ಟು, ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಳಿಸಿದರು.

ಮೇಲೆ ಬಂದು ಬಾಗಿಲು ಹಾಕಿದವಳೇ ಬೈಯಲು ಶುರುಮಾಡಿದೆ. ಆಂಟಿಯನ್ನು, ಟಿವಿಯನ್ನು, ಕೋರ್ಟನ್ನು, ಕೊನೆಗೆ ಅವಳ ಬಾಯನ್ನು. ನಾಳೆಯೇ ಬೇರೆ ಮನೆ ಹುಡುಕೋಣ ಎಂದೆ. ಹುಡುಕಿದರೆ ಅಲ್ಲೂ ಒಬ್ಬ ಬ್ರೋಕರ್, ಅಲ್ಲೂ ನಾವು ಅಕ್ಕ ತಂಗಿ. ಅದು ಹೊಳೆದ ಮೇಲೆ ಬೈಗುಳವೂ ನಿಂತಿತು.

ಕೆಳಗೆ ಅಷ್ಟು ಜೋರು ಮಾಡಿದವಳು ಈಗ ಅಡುಗೆಮನೆಯ ಕಟ್ಟೆಗೆ ಒರಗಿ ಆ ರವಿಕೆ ಕಣವನ್ನು ಬಿಚ್ಚಿ ಮಡಿಸುತ್ತಿದ್ದಳು. "ವಾರಗಿತ್ತೀರಾದ್ರೆ ಒಂದೇ ಅಡುಗೆಮನೆ, ಅಲ್ವಾ?" ಎಂದಳು.

ನನ್ನನ್ನು ನಗಿಸಲು ಹೇಳುತ್ತಿದ್ದಾಳೆ ಎಂದುಕೊಂಡು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

"ಯಾರೂ ಏನೂ ಕೇಳಲ್ಲ ಕಣೇ. ನಾಳೆ ನೀನು ಆಸ್ಪತ್ರೆ ಸೇರಿದ್ರೂ ನಾನು ನಿನ್ನ ಮನೆಯೋಳೇ. ಸ್ವಂತದೋಳು ಅಂತ ಒಳಗೆ ಬಿಡ್ತಾರೆ."

ನಾನು ರೇಗಬೇಕಿತ್ತು. ಹುಚ್ಚು ಹಿಡಿದಿದೆಯಾ ಎಂದು ಅವಳ ಭುಜ ಹಿಡಿದು ಅಲುಗಾಡಿಸಬೇಕಿತ್ತು. ಅದೇನೂ ಮಾಡಲಿಲ್ಲ. ನನ್ನ ಬಾಯಿಂದ ಬಂದ ಮಾತು ಕೇಳಿ ನನಗೇ ಭಯವಾಯಿತು.

"ಅಣ್ಣ ತಮ್ಮ ಆಮೇಲೆ ಭಾಗ ಮಾಡ್ಕೊಂಡು ಬೇರೆ ಆದ್ರೆ?" ಎಂದು ಕೇಳಿದೆ.