ಇಂಗ್ಲಿಷ್ ಪರೀಕ್ಷೆಯ ದಿನ ಮಗಳನ್ನು ಎತ್ತಿಕೊಂಡವರು

ಮಗಳು ಹುಟ್ಟಿದಾಗ ನನಗೆ ಹದಿನೇಳು ತುಂಬಿ ಕೆಲವೇ ತಿಂಗಳಾಗಿತ್ತು. ಮೊದಲ ಪಿಯುಸಿ ಮುಗಿಯುತ್ತಲೇ ಕಲ್ಯ ಗ್ರಾಮದ ನಮ್ಮ ಮನೆಯವರು ಮದುವೆ ಮಾಡಿ ಚನ್ನಪಟ್ಟಣಕ್ಕೆ ಕಳಿಸಿದ್ದರು. ಗಂಡ ಬಿಡದಿಯ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ನಾನು, ಮಗು, ಹೆಚ್ಚು ಮಾತಾಡದ ಅತ್ತೆ. ಮಗು ಅತ್ತರೆ ನನಗೂ ಅಳು ಬರುತ್ತಿತ್ತು.

ಪಕ್ಕದ ಮನೆಯಲ್ಲಿ ಬೊಂಬೆಗಳಿಗೆ ಬಣ್ಣ ಹಚ್ಚುವ ಮುಸ್ಲಿಂ ಹೆಂಗಸೊಬ್ಬರಿದ್ದರು. ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಒಂದು ಮಧ್ಯಾಹ್ನ ಅಳು ಕೇಳಿ ಬಂದವರು ಮಗುವನ್ನು ತೋಳಿನ ಮೇಲೆ ಬೋರಲು ಮಲಗಿಸಿ ಬೆನ್ನು ಸವರಿದರು. ಮಗು ತೇಗಿ ಸುಮ್ಮನಾಯಿತು.

"ನಾನೂ ಹದಿನಾರಕ್ಕೆ ಹೆತ್ತೋಳೇ ಕಣಮ್ಮ. ನಂಗೂ ಏನೂ ಗೊತ್ತಿರ್ಲಿಲ್ಲ," ಎಂದರು.

ಮಗುವನ್ನು ತೂಕ ಮಾಡಿಸಲು ಅಂಗನವಾಡಿಗೆ ಜೊತೆಗೆ ಬಂದವರೂ ಅವರೇ. ಅಲ್ಲಿನ ಟೀಚರ್ ನನ್ನ ವಯಸ್ಸು ಬರೆದುಕೊಂಡು, ಪೆನ್ನು ಕೆಳಗಿಟ್ಟು, "ಮುಂದಕ್ಕೆ ಓದ್ತೀಯಾ?" ಎಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಾಲೇಜಿಗೆ ಹೋಗದೆಯೂ ಎರಡನೇ ಪಿಯುಸಿ ಪರೀಕ್ಷೆ ಕಟ್ಟಬಹುದೆಂದು ಹೇಳಿ ಅರ್ಜಿ ತುಂಬಿಸಿದರು. ಗಂಡ ಒಪ್ಪಿದ. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಇಂಗ್ಲಿಷ್ ಪರೀಕ್ಷೆಯ ದಿನ ಏಳು ತಿಂಗಳ ಮಗಳನ್ನು ಎತ್ತಿಕೊಂಡು ಆಪಾ ಕಾಲೇಜಿನ ಹೊರಗೆ ಹೊಂಗೆ ಮರದಡಿ ಕೂತರು. ನಾನು ಅರ್ಧ ಬರೆಯುವಷ್ಟರಲ್ಲಿ ಹೊರಗೆ ಅವಳ ಅಳು ಕೇಳಿಸಿತು. ಹಾಲು ಇಳಿದು ಎದೆ ಒದ್ದೆಯಾಯಿತು. ಬರೆದದ್ದು ಸಾಕೆಂದು ಎದ್ದು ನಿಂತೆ. ಅಷ್ಟರಲ್ಲಿ ಅಳು ನಿಂತಿತು. ಕಿಟಕಿಯಲ್ಲಿ ನೋಡಿದರೆ, ಅತ್ತೆ. ಯಾರಿಗೂ ಹೇಳದೆ ಡಬ್ಬಿಯಲ್ಲಿ ರಾಗಿ ಸರಿ ತಂದಿದ್ದರು. ಆಪಾ ಮಗುವನ್ನು ಹಿಡಿದುಕೊಂಡಿದ್ದರು, ಅತ್ತೆ ಊದಿ ಊದಿ ತಿನ್ನಿಸುತ್ತಿದ್ದರು. ಮತ್ತೆ ಕೂತೆ. ಅಕ್ಷರಗಳು ಕಾಣಲು ಸ್ವಲ್ಪ ಹೊತ್ತು ಬೇಕಾಯಿತು.

ಹೊರಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಪೂರ್ತಿ ಬರ್ದ್ಯಾ?"

"ಬರ್ದೆ ಅತ್ತೆ."

"ನಾಳಿದ್ದೂ ಬತ್ತೀನಿ. ಪಾಪ, ಅವ್ರಿಗೂ ಕೆಲ್ಸ ಐತೆ."

ಇಂಗ್ಲಿಷಿನಲ್ಲಿ ನಲವತ್ತೊಂದು ಬಂತು. ಉಳಿದವೂ ಪಾಸಾದವು.

ಮಗಳಿಗೆ ಎರಡೂವರೆ ತುಂಬಿದ ಮೇಲೆ ರಾಮನಗರದಲ್ಲಿ ನರ್ಸಿಂಗ್ ಸೇರಿದೆ, ಈಗ ಎರಡನೇ ವರ್ಷ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ. ನಾಲ್ಕು ವರ್ಷದ ಮಗಳಿಗೆ ಜಡೆ ಹಾಕುವುದು ಅತ್ತೆ, ಶಾಲೆಯಿಂದ ಕರೆತರುವುದು ಆಪಾ. ಕೋರ್ಸ್ ಮುಗಿದ ಮೇಲೆ ಹೆರಿಗೆ ವಾರ್ಡಿನಲ್ಲೇ ಕೆಲಸ ಕೇಳಬೇಕೆಂದಿದ್ದೇನೆ. ಅಲ್ಲಿಗೆ ಬರುವ ಚಿಕ್ಕ ಹುಡುಗಿಯರನ್ನು ಯಾರಾದರೂ ಕೂರಿಸಿಕೊಂಡು ಮಾತಾಡಿಸಬೇಕು.